ಮೂವತ್ತಾರು ಸೂರ್ಯ, ಒಂದೂ ನೆಟ್ಟಗಿಲ್ಲ

ಚಾಮರಾಜಪೇಟೆಯ ನಮ್ಮ ತಾರಸಿಯಿಂದ ನಾನು ಚಂದ್ರನ ಮೇಲಿರುವ ಹೆಜ್ಜೆ ಗುರುತು ನೋಡಿದ್ದೇನೆ. ಎಡಗಾಲಿನದು. ಹಿಮ್ಮಡಿ ಕಡೆ ಬೂಟು ಸ್ವಲ್ಪ ಸವೆದಿತ್ತು. ಅವತ್ತು ನನ್ನ ಜೊತೆ ನೋಡಿದವರು ಇಬ್ಬರೇ, ನಮ್ಮಕ್ಕ ಮತ್ತು ಕೆಳಮನೆಯ ಮೇಷ್ಟ್ರು. ಇಬ್ಬರೂ ಈಗಿಲ್ಲ. ನಂಬಿಕೆ ಬರದವರು ಮೇಲೆ ಹೋಗಿ ಅವರನ್ನೇ ಕೇಳಿಕೊಂಡು ಬರಬಹುದು, ನನ್ನದೇನೂ ಅಡ್ಡಿಯಿಲ್ಲ.

ಚಂದ್ರ ಯಾವತ್ತೂ ನನಗೆ ತೊಂದರೆ ಕೊಟ್ಟವನಲ್ಲ. ಸೂರ್ಯನದೇ ಗೋಳು. ಅವನ ಫೋಟೋ ತೆಗೆಯಲು ಹೋದಾಗೆಲ್ಲ ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತದೆ. ಒಂದು ಸಲವೂ ತಪ್ಪು ನನ್ನದಲ್ಲ. ಇದನ್ನು ಓದಿ ನೀವು ನಗುತ್ತೀರಿ ಅಂತ ಗೊತ್ತು. ನಗಿ. ನನಗೆ ಮಾತ್ರ ಬರೆಯುವಾಗಲೂ ಮೈಯೆಲ್ಲ ಉರಿಯುತ್ತಿದೆ.

ನಾನು ಶಾಲೆಗೆ ಹೋದವನಲ್ಲ. ಅಕ್ಷರ ಕಲಿತದ್ದು ಅಂಗಡಿಗಳ ಬೋರ್ಡು ನೋಡಿಕೊಂಡು. ನಲವತ್ತು ವರ್ಷ ಕನ್ನಡಕದ ಗಾಜು ಉಜ್ಜಿದ ಕೈ ಇದು. ನಾನು ಉಜ್ಜಿಕೊಟ್ಟ ಗಾಜು ಹಾಕಿಕೊಂಡ ಒಬ್ಬರು ಮನೆಯೊಳಗೆ ಕೂತೇ ಪಕ್ಕದ ಬೀದಿಯ ಗಡಿಯಾರ ನೋಡಿ ಟೈಮು ಹೇಳುತ್ತಿದ್ದರು. ನಡುವೆ ಎರಡು ಗೋಡೆ ಇತ್ತು. ಕೆಲಸ ಬಿಟ್ಟ ಮೇಲೆ ಅದೇ ಕೈಯಲ್ಲಿ ಒಂದು ದೊಡ್ಡ ಗಾಜು ಉಜ್ಜಿದೆ. ನೀರಿನ ಪಿವಿಸಿ ಪೈಪಿಗೆ ಅದನ್ನು ಕೂರಿಸಿ ದುರ್ಬೀನು ಮಾಡಿದೆ. ಹಿಂದುಗಡೆ ಹಳೇ ಕ್ಯಾಮೆರಾ ಸಿಕ್ಕಿಸುವುದಕ್ಕೆ ಒಂದು ಹಿತ್ತಾಳೆ ಬಳೆ ಮಾಡಿಸಿದೆ.

ಬಸವನಗುಡಿಯ ಒಂದು ಶಾಲೆಯ ಕೊಠಡಿಯಲ್ಲಿ ಭಾನುವಾರಗಳಂದು ಆಕಾಶ ನೋಡುವ ಹವ್ಯಾಸದವರ ಸಂಘ ಸೇರುತ್ತಿತ್ತು. ನಾನೂ ಮೆಂಬರು. ಅಲ್ಲಿ ಗೋಡೆಗೊಂದು ಬೋರ್ಡು. ಮೆಂಬರುಗಳು ತೆಗೆದ ಫೋಟೋಗಳೆಲ್ಲ ಅದರ ಮೇಲೆ. ಕೆಳಗೆ ಅವರವರ ಹೆಸರು, ಹೆಸರಿನ ಹಿಂದೆ ಬಿ.ಇ., ಎಂ.ಎಸ್ಸಿ. ಅಂತ ಬಾಲ. ನನ್ನ ಫೋಟೋ ಒಂದೂ ಇಲ್ಲ. ಸಂಘದ ಕಾರ್ಯದರ್ಶಿ, ರಿಟೈರಾದ ಬ್ಯಾಂಕಿನವರು, ಒಂದು ದಿನ ಎಲ್ಲರೆದುರು ಅಂದರು: "ಯಜಮಾನ್ರೇ, ಬಾಯಲ್ಲಿ ಹೇಳಿದ್ದನ್ನ ಬೋರ್ಡಿಗೆ ಅಂಟ್ಸೋಕಾಗಲ್ಲ. ನೆಟ್ಟಗಿರೋ ಸೂರ್ಯನ ಫೋಟೋ ಒಂದು ತನ್ನಿ, ಹಾಕೋಣ."

ಒಂದೇ ಒಂದು ನೆಟ್ಟಗಿರೋ ಫೋಟೋ. ಅಷ್ಟೇ ಕೇಳಿದ್ದು. ಮುಂದೆ ಏನಾಯಿತು ನೋಡಿ.

ಪಂಚೆ

ಮೊದಲನೇ ಸಲ ಬೇಸಿಗೆಯಲ್ಲಿ, ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ, ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿ ನಿಲ್ಲಿಸಿದೆ. ಅದರ ಬಾಯಿಗೆ ಹಾಕುವ ಕಪ್ಪು ಗಾಜು ಮನೆಯೊಳಗಿತ್ತು. ಕ್ಯಾಮೆರಾನೂ ಅಲ್ಲೇ. ತರೋಣ ಅಂತ ಇಳಿದೆ. ಅಕ್ಕ "ಕಾಫಿ ಬೆರೆಸಿದೀನಿ, ಕುಡ್ಕೊಂಡು ಹೋಗೋ" ಅಂದಳು. ಒಂದು ಲೋಟ ಕಾಫಿ ಕುಡಿಯುವುದಕ್ಕೆ ಎಷ್ಟು ಹೊತ್ತು ಹಿಡಿದೀತು?

ಅಷ್ಟರಲ್ಲೇ ಕೆಳಮನೆಯ ಮೇಷ್ಟ್ರು ಮೇಲೆ ಬಂದು, ಸರಿಯಾಗಿ ನನ್ನ ದುರ್ಬೀನಿನ ಹಿಂದೆ, ತಂತಿಯ ಮೇಲೆ ತಮ್ಮ ಹೊಸ ಪಂಚೆ ಒಣಗಿಹಾಕಿ ಹೋಗಿದ್ದಾರೆ. ಪೈಪಿನೊಳಗೆ ಒಟ್ಟಾದ ಬಿಸಿಲು ಹಿಂದಿನಿಂದ ಹೊರಟು ನೇರ ಪಂಚೆಗೆ. ನಾನು ಮೇಲೆ ಬರುವಾಗ ಹೊಗೆ ಏಳುತ್ತಿತ್ತು. ಸುಟ್ಟ ವಾಸನೆಗೆ ಮೂರು ಬೀದಿಯ ಜನ ಸೇರಿದ್ದರು ಅಂದರೆ ನಂಬಿ.

ಮೇಷ್ಟ್ರು ಪಂಚೆ ಎತ್ತಿಹಿಡಿದು ನಿಂತಿದ್ದರು. "ಲೋ, ನನ್ನ ಪಂಚೆಗೆ ಬೀಡಿ ಇಟ್ಟಿದ್ದು ಯಾರೋ?"

"ನಾನು ಬೀಡಿ ಸೇದಲ್ಲ ಮೇಷ್ಟ್ರೇ."

"ಮತ್ತೆ ಈ ತೂತು?"

"ಅದು ಸೂರ್ಯಂದು."

"ಸೂರ್ಯ ಯಾವಾಗಿಂದ ಬೀಡಿ ಸೇದೋಕೆ ಶುರು ಮಾಡ್ದ?"

ನನಗೆ ರೇಗಿಹೋಯಿತು. "ಇಷ್ಟುದ್ದ ತಾರಸಿ ಇದೆ, ಒಣಗಿಹಾಕೋಕೆ ಅದೇ ಜಾಗ ಬೇಕಿತ್ತಾ ನಿಮಗೆ? ಇದು ವಿಜ್ಞಾನ ಮೇಷ್ಟ್ರೇ, ವಿಜ್ಞಾನ! ಪಾಠ ಹೇಳ್ಕೊಟ್ಟವರು ನೀವು, ಅಷ್ಟು ಗೊತ್ತಾಗಲ್ವಾ?" ಅಂತ ಕೂಗಾಡಿದೆ. ಸೇರಿದ್ದ ಜನ ನನ್ನ ಕಡೆ ಆಗುತ್ತಾರೆ ಅಂದುಕೊಂಡಿದ್ದೆ. ಮೇಷ್ಟ್ರು ಪಂಚೆಯನ್ನು ಮುಖದ ಹತ್ತಿರ ತಂದು, ಆ ತೂತಿಗೆ ಒಂದು ಕಣ್ಣಿಟ್ಟು, ನನ್ನನ್ನು ಕಾಲಿಂದ ತಲೆವರೆಗೂ ನಿಧಾನವಾಗಿ ನೋಡಿದರು.

"ಪರವಾಗಿಲ್ಲ ಬಿಡೋ. ನಿನ್ನ ದುರ್ಬೀನಿಗಿಂತ ಇದ್ರಲ್ಲೇ ಚೆನ್ನಾಗಿ ಕಾಣುತ್ತೆ."

ದರ್ಬೆ

ತೊಂಬತ್ತರ ದಶಕದ ನಡುವೆ ಒಂದು ಸಲ ದೀಪಾವಳಿ ಅಮಾವಾಸ್ಯೆಗೇ ಬೆಳಿಗ್ಗೆ ಸೂರ್ಯಗ್ರಹಣ ಬಂತು. ಇದೇ ಸಮಯ ಅಂತ ನಾನು ಸಿದ್ಧನಾದೆ. ಈ ಸಲ ಕಪ್ಪು ಗಾಜನ್ನು ಹಿಂದಿನ ದಿನವೇ ಪೈಪಿಗೆ ಕಟ್ಟಿಟ್ಟಿದ್ದೆ. ಕೆಳಗೆ ಇಳಿಯುವ ಪ್ರಶ್ನೆಯೇ ಇಲ್ಲ. ಕಾಫಿ ಕೂಡ ಬೇಡ ಅಂದುಬಿಟ್ಟೆ.

ಗ್ರಹಣ ಹಿಡಿಯಿತು. ಕ್ಯಾಮೆರಾ ಸಿಕ್ಕಿಸಿ ಕಣ್ಣಿಟ್ಟೆ. ಸೂರ್ಯನ ಮೇಲೆ, ಮೇಲಿಂದ ಕೆಳಗೆ, ಕೂದಲೆಳೆಗಿಂತ ಸ್ವಲ್ಪ ದಪ್ಪ, ಒಂದು ಕಪ್ಪು ಗೆರೆ! ಯಾವ ಪೇಪರಿನಲ್ಲೂ ಬಂದಿಲ್ಲ, ಯಾವ ಓದಿದವನೂ ಹೇಳಿಲ್ಲ. ಸೂರ್ಯ ಬಿರುಕು ಬಿಟ್ಟಿದ್ದಾನೆ, ಮೊದಲು ನೋಡಿದವನು ನಾನು. ಇಡೀ ರೋಲು ಹೊಡೆದೆ.

ಭಾನುವಾರ ದುರ್ಬೀನನ್ನೂ ಹೊತ್ತುಕೊಂಡು ಹೋಗಿ, ಪ್ರಿಂಟುಗಳನ್ನು ಸಂಘದ ಮೇಜಿನ ಮೇಲೆ ಹರಡಿ, "ಈ ಬಿರುಕಿಗೆ ನನ್ನ ಹೆಸರಿಡಬೇಕು, ಈಗಲೇ ರಿಜಿಸ್ಟರಿನಲ್ಲಿ ಬರೀರಿ" ಅಂದೆ. ಬಿ.ಇ.ಗಳು ಎಂ.ಎಸ್ಸಿ.ಗಳು ಎಲ್ಲ ಬಗ್ಗಿ ನೋಡಿದರು. ಆಹಾ, ಆ ಐದು ನಿಮಿಷ! ಆಮೇಲೆ ಕಾರ್ಯದರ್ಶಿಗಳು, "ಯಜಮಾನ್ರೇ, ದುರ್ಬೀನು ಒಂಚೂರು ಕೊಡಿ" ಅಂದರು. ಹಿತ್ತಾಳೆ ಬಳೆ ಬಿಚ್ಚಿದರು. ಒಳಗೆ ಎರಡು ಬೆರಳು ಹಾಕಿ ಎಳೆದರು. ಗೇಣುದ್ದದ ಒಂದು ದರ್ಬೆ ಕಡ್ಡಿ ಹೊರಗೆ ಬಂತು. ಎಳೆಯುವ ಗಲಾಟೆಯಲ್ಲಿ ಮುಂದಿನ ಕಪ್ಪು ಗಾಜೂ ಬಿದ್ದು ಚೂರಾಯಿತು. ಅದಕ್ಕಿಂತ ಜೋರಾಗಿತ್ತು ಅವರ ನಗು.

ಮನೆಗೆ ಹೋದವನೇ ಚಪ್ಪಲಿ ಬಿಡದೆ ಅಡುಗೆಮನೆ ಬಾಗಿಲಿಗೆ ನಿಂತು ಅರಚಿದೆ. "ದುರ್ಬೀನಿಗೆ ದರ್ಬೆ ಹಾಕಿದ್ದು ಯಾರು?"

ಅಕ್ಕ ತಲೆ ಎತ್ತಲಿಲ್ಲ. "ಗ್ರಹಣ ಅಂದ್ರೆ ಉಪ್ಪಿನಕಾಯಿ ಜಾಡಿಗೆ ಹಾಕ್ದೆ, ಮೊಸರಿಗೆ ಹಾಕ್ದೆ, ಕುಡಿಯೋ ನೀರಿಗೆ ಹಾಕ್ದೆ. ನಿಂದೂ ಗಾಜಿನ ಸಾಮಾನು, ನಿಂಗೆ ಮಡಿ ಮೈಲಿಗೆ ಏನೂ ಇಲ್ಲ, ಇರ್ಲಿ ಅಂತ ಅದಕ್ಕೂ ಒಂದು ಹಾಕ್ದೆ."

"ನನ್ನ ಮಾನ ಹೋಯ್ತಲ್ಲೇ ಅಕ್ಕಾ!"

"ಕಿರುಚ್ಬೇಡ. ನಾನು ಹಾಕಿದ್ದಕ್ಕೇ ಕಣೋ, ನಿನ್ನ ಸೂರ್ಯ ಇನ್ನೂ ಹಳಸಿಲ್ಲ."

ಕಾಯಿ

ಕಪ್ಪು ಗಾಜು ಹೋಯಿತಲ್ಲ, ಇನ್ನೊಂದು ಬೇಕು. ವೆಲ್ಡಿಂಗ್ ಮಾಡುವವರು ಮುಖಕ್ಕೆ ಹಿಡಿಯುವ ಗಾಜು ಸಾಕು ಅಂತ ಯಾರೋ ಅಂದರು. ಮಾರ್ಕೆಟ್ ಪಕ್ಕದ ಗಲ್ಲಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ಎಲ್ಲಕ್ಕಿಂತ ದಪ್ಪದ್ದು ಕೊಡಪ್ಪ ಅಂದೆ.

"ಏನ್ ವೆಲ್ಡ್ ಮಾಡ್ತೀರಾ ತಾತಾ? ಗೇಟಾ, ಕಿಟಕೀನಾ?"

"ಸೂರ್ಯ."

ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಅಷ್ಟು ಮೇಲಕ್ಕೆ ಏಣಿ ಸಿಗಲ್ಲ ತಾತಾ" ಅಂದ. ಅವನಿಗೆ ಎರಡು ಬಿಗಿಯಬೇಕು ಅನ್ನಿಸಿತು. ಕೈಯಲ್ಲಿ ಗಾಜಿತ್ತು, ಸುಮ್ಮನಾದೆ.

ಈ ಸಲ ಕಲರ್ ಫಿಲಂ ಹಾಕಿದ್ದೆ. ಪಂಚೆ ಇಲ್ಲ, ದರ್ಬೆ ಇಲ್ಲ, ಮೋಡ ಇಲ್ಲ. ಪ್ರಿಂಟು ಬಂತು. ಸೂರ್ಯ ಹಚ್ಚ ಹಸಿರು! ಎಳೇ ನಿಂಬೆಕಾಯಿ ಹಾಗೆ ಹಸಿರು. ವೆಲ್ಡಿಂಗ್ ಗಾಜಿನ ಗುಣವೇ ಅದು ಅಂತ ಆಮೇಲೆ ತಿಳಿಯಿತು. ಮೊದಲೇ ಹೇಳುವುದಕ್ಕೆ ಆ ವೆಲ್ಡಿಂಗಿನವನಿಗೇನು ಬಾಯಿಗೆ ಬೀಗ ಹಾಕಿತ್ತೇ? ಏಣಿ ವಿಚಾರ ಮಾತಾಡುವುದಕ್ಕೆ ಬಾಯಿತ್ತು!

ಸಿಟ್ಟಿಗೆ ಪ್ರಿಂಟುಗಳನ್ನು ಜಗಲಿ ಮೇಲೆ ಬಿಸಾಡಿದೆ. ಮೇಷ್ಟ್ರು ಒಂದನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅವಸರ ಬಿದ್ದೆ ಕಣೋ. ಇನ್ನೂ ಕಾಯಿ. ಹಣ್ಣಾಗೋಕೆ ಬಿಡ್ಬೇಕಿತ್ತು."

ಕತ್ತರಿ

ಆಮೇಲೆ ಕಲರ್ ಸಹವಾಸವೇ ಬೇಡ ಅಂತ ಬ್ಲಾಕ್ ಅಂಡ್ ವೈಟ್ ಫಿಲಮ್ಮಿಗೆ ಬಂದೆ. ಅದನ್ನು ತೊಳೆದುಕೊಡುವವರು ಅಷ್ಟು ಹೊತ್ತಿಗೆ ಕಡಿಮೆಯಾಗಿದ್ದರು. ಶಂಕರಪುರದಲ್ಲಿ ಒಬ್ಬ ಹಳೇ ಸ್ಟುಡಿಯೋದವನಿದ್ದ. ಮದುವೆ, ಮುಂಜಿ, ಸೀಮಂತ, ಇಷ್ಟೇ ಅವನ ಪ್ರಪಂಚ.

ಆ ದಶಕದ ಕೊನೆಗೆ ಮಳೆಗಾಲದಲ್ಲಿ ಒಂದು ಗ್ರಹಣ ಸಾಯಂಕಾಲದ ಹೊತ್ತು ಬಂತು. ಮೋಡದ ಸಂದಿಯಲ್ಲಿ ಸೂರ್ಯ ಇಣುಕಿದಾಗೆಲ್ಲ ಹೊಡೆದೆ. ರೋಲನ್ನು ಸ್ಟುಡಿಯೋದವನಿಗೆ ಕೊಟ್ಟು, "ಗ್ರಹಣದ್ದು, ಜೋಪಾನ" ಅಂದೆ. ಮೂರು ದಿನ ಬಿಟ್ಟು ಹೋದರೆ ಒಂದು ಕವರು ಕೊಟ್ಟ. ತೆಗೆದು ನೋಡುತ್ತೇನೆ, ಪ್ರತಿ ತುಂಡಿನ ಈ ತುದಿಗೆ ಅರ್ಧ ಸೂರ್ಯ, ಆ ತುದಿಗೆ ಅರ್ಧ ಸೂರ್ಯ. ನಡುವೆ ಬರೀ ಖಾಲಿ.

"ಏನಯ್ಯಾ ಇದು?"

"ನೆಗೆಟಿವ್ ಪೀಸ್ ಮಾಡಿದೀನಿ ಸಾರ್. ಫೋಟೋದ ಸುತ್ತ ಏನೂ ಇಲ್ವಲ್ಲ, ಎಲ್ಲಿ ಮುಗೀತು ಎಲ್ಲಿ ಶುರುವಾಯ್ತು ಗೊತ್ತಾಗ್ಲಿಲ್ಲ. ಒಂದು ಅಂದಾಜಿನ ಮೇಲೆ ಕತ್ತರಿ ಹಾಕ್ದೆ."

"ಅಂದಾಜಿನ ಮೇಲೆ? ನಟ್ಟನಡು ಸೂರ್ಯನ ಮೇಲೆ ಕತ್ತರಿ ಹಾಕಿದೀಯಲ್ಲಯ್ಯಾ! ಮದುವೆ ಫೋಟೋದಲ್ಲಿ ಗಂಡನ್ನ ಒಂದು ಕಡೆ ಹೆಣ್ಣನ್ನ ಒಂದು ಕಡೆ ಕತ್ತರಿಸ್ತೀಯಾ?" ನನ್ನ ಕೂಗಿಗೆ ಎದುರಿನ ಅಂಗಡಿಯವರು ಷಟರ್ ಅರ್ಧ ಎಳೆದುಕೊಂಡರು.

ಅವನು ನೊಂದುಕೊಂಡ. ನಿಜವಾಗಿಯೂ ನೊಂದುಕೊಂಡ, ಅದೇ ನನಗೆ ಇನ್ನೂ ಸಿಟ್ಟು ತರಿಸಿದ್ದು.

"ಗ್ರಹಣ ಅಂದ್ರಲ್ಲ ಸಾರ್. ಅರ್ಧ ಇರೋದೇ ಅಲ್ವಾ?"

ಮದುವೆ ಹೆಣ್ಣು

ಇನ್ನು ಉಳಿದದ್ದು ಶುಕ್ರನ ಕತೆ. ಅದನ್ನು ನೆನೆಸಿಕೊಂಡರೆ ಈಗಲೂ ರಾತ್ರಿ ಊಟ ಸೇರುವುದಿಲ್ಲ.

ಎರಡು ಸಾವಿರದ ಈಚೆ ಒಂದು ಜೂನ್ ತಿಂಗಳಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಯಿತು. ಹಿಂದಿನ ಸಲ ಹೀಗಾಗಿ ನೂರಿಪ್ಪತ್ತು ವರ್ಷದ ಮೇಲಾಗಿತ್ತಂತೆ. ಅಂದರೆ ಬದುಕಿದ್ದವರು ಯಾರೂ ನೋಡಿಲ್ಲ. ಇನ್ನೊಂದು ಎಂಟು ವರ್ಷಕ್ಕಿದೆ ಅಂದರು. ಎಂಬತ್ತರ ಹತ್ತಿರ ಇದ್ದವನು ನಾನು, ಎಂಟು ವರ್ಷದ ಲೆಕ್ಕ ಯಾಕೆ ಹಾಕಲಿ? ಅಕ್ಕನೂ ಇಲ್ಲ, ಮೇಷ್ಟ್ರೂ ಇಲ್ಲ. ಬೋರ್ಡಿನ ಮೇಲೆ ನನ್ನ ಫೋಟೋ ಬಂದರೆ ಇದರಲ್ಲಿ ಬರಬೇಕು, ಇಲ್ಲದಿದ್ದರೆ ಇಲ್ಲ.

ಬೆಳಿಗ್ಗೆ ಮೋಡ. ಹನ್ನೊಂದೂವರೆಗೂ ಮೋಡ. ನಾನು ಕ್ಯಾಮೆರಾ ಹಿಡಿದು ಮೇಲೆ ನೋಡಿ, ಬರೆಯುವುದಕ್ಕಾಗದ ನಾಲ್ಕು ಮಾತು ಬೈದೆ. ಮೋಡ ಹೆದರಿ ಓಡಿತು. ಇದಕ್ಕೂ ಸಾಕ್ಷಿಯಿಲ್ಲ, ಆದರೆ ಓಡಿತು. ಕಣ್ಣಿಟ್ಟರೆ, ಅಬ್ಬಾ! ಸೂರ್ಯನ ತಟ್ಟೆಯ ಮೇಲೆ ದುಂಡಗೆ, ಕರ್ರಗೆ, ಸಾಸಿವೆ ಕಾಳಿನಂಥ ಶುಕ್ರ. ಹೊಸ ಗಾಜು, ಹಸಿರಿಲ್ಲ. ಪೈಪಿನೊಳಗೆ ಬೆರಳಾಡಿಸಿ ನೋಡಿದ್ದೆ, ದರ್ಬೆಯಿಲ್ಲ. ತಂತಿಯ ಮೇಲೆ ಒಂದು ಕರ್ಚೀಫೂ ಇಲ್ಲ. ಒಂದೊಂದಾಗಿ ಮೂವತ್ತಾರು ಹೊಡೆದೆ. ನನ್ನ ಜೀವಮಾನದಲ್ಲಿ ಕೈ ಅಷ್ಟು ಗಟ್ಟಿಯಾಗಿ ನಿಂತಿದ್ದು ಇನ್ನೊಮ್ಮೆ ಇಲ್ಲ.

ಬೇರೆ ಗತಿಯಿಲ್ಲದೆ ಅದೇ ಸ್ಟುಡಿಯೋಗೆ ಹೋದೆ. ಅವನ ಎರಡು ಕೈಯನ್ನೂ ಹಿಡಿದುಕೊಂಡು ಹೇಳಿದೆ: "ನೋಡಯ್ಯಾ, ಕತ್ತರಿ ಮುಟ್ಟಬಾರದು. ಫಿಲಮ್ಮನ್ನ ಇಡಿಯಾಗಿ ಕೊಡು. ಒಂದು ಗೀರು ಬೀಳಬಾರದು, ಒಂದು ಕಲೆ ಇರಬಾರದು. ಇದನ್ನ ಸೂರ್ಯ ಅಂದ್ಕೋಬೇಡ. ಗಂಡಿನ ಕಡೆಯವರಿಗೆ ಕಳ್ಸೋ ಮದುವೆ ಹೆಣ್ಣಿನ ಫೋಟೋ ಅಂದ್ಕೋ."

ಅವನ ಕಣ್ಣು ಹೊಳೆಯಿತು. ಜೀವನದಲ್ಲಿ ಮೊದಲ ಸಲ ನನ್ನ ಮಾತು ಅವನಿಗೆ ಪೂರ್ತಿ ಅರ್ಥವಾಗಿತ್ತು. "ಹಾಗೆ ಹೇಳಿ ಸಾರ್! ಒಂದು ವಾರ ಕೊಡಿ."

"ವಾರ ಯಾಕಯ್ಯಾ?"

"ಮದುವೆ ಹೆಣ್ಣು ಅಂದ್ರೆ ಸುಮ್ನೇನಾ ಸಾರ್?"

ವಾರ ಕಳೆದು ಹೋದೆ. ಫಿಲಂ ಇಡಿಯಾಗಿತ್ತು, ಒಂದು ಕಡೆಯೂ ಕತ್ತರಿ ಬಿದ್ದಿರಲಿಲ್ಲ. ಒಂದು ಫ್ರೇಮನ್ನು ದೊಡ್ಡದಾಗಿ ಪ್ರಿಂಟೂ ಹಾಕಿದ್ದ. ದುಂಡಗಿನ ಸೂರ್ಯ, ಅಂಚು ನೋಡಿದರೆ ಕೈ ಕುಯ್ಯುವ ಹಾಗಿದೆ. ಎಲ್ಲ ಇದೆ. ಶುಕ್ರ ಇಲ್ಲ.

ತಿರುಗಿಸಿ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಇಲ್ಲ. ನೆಗೆಟಿವನ್ನು ಬೆಳಕಿಗೆ ಹಿಡಿದೆ. ಒಂದರಲ್ಲೂ ಇಲ್ಲ.

"ಇದ್ರಲ್ಲಿ ಒಂದು ಚುಕ್ಕೆ ಇತ್ತಲ್ಲಯ್ಯಾ?"

ಅವನು ಹೆಮ್ಮೆಯಿಂದ ನಕ್ಕ. "ಕಂಡುಹಿಡಿದ್ರಾ ಸಾರ್? ಇತ್ತು. ನೆಗೆಟಿವ್‌ನಲ್ಲಿ ಸೂರ್ಯ ಕಪ್ಪಗಿರುತ್ತಲ್ಲ, ಅದರ ಮೇಲೆ ಸೂಜಿ ಚುಚ್ಚಿದ ಹಾಗೆ ಒಂದು ಬಿಳೀ ತೂತು. ಒಂದ್ರಲ್ಲಲ್ಲ, ಮೂವತ್ತಾರರಲ್ಲೂ! ಒಂದೊಂದಕ್ಕೂ ಭೂತಗನ್ನಡಿ ಇಟ್ಕೊಂಡು, ಒಂದೆಳೆ ಬ್ರಶ್‌ನಲ್ಲಿ ಇಂಕ್ ತುಂಬ್ದೆ. ಕಣ್ಣು ಹೆಂಗೆ ಕೆಂಪಾಗಿದೆ ನೋಡಿ."

"ಅಯ್ಯೋ ಪಾಪಿ, ಅದು ಶುಕ್ರ ಕಣೋ! ನೂರಿಪ್ಪತ್ತು ವರ್ಷ ಆದ್ಮೇಲೆ ಬಂದಿದ್ದು! ಒರ್ಸು, ಈಗ್ಲೇ ಒರ್ಸು!"

"ಒರೆಸಿದ್ರೆ ಹೋಗೋ ಇಂಕಲ್ಲ ಸಾರ್ ಅದು, ಗ್ಯಾರಂಟಿ." ಅವನು ಗೊಂದಲದಿಂದ ನನ್ನ ಮುಖ ನೋಡಿದ. "ಗಂಡಿನ ಕಡೆಯವರಿಗೆ ತೋರ್ಸೋದು ಅಂದ್ರಿ. ಮುಖದ ಮೇಲೆ ಅಷ್ಟು ದೊಡ್ಡ ಮಚ್ಚೆ ಇಟ್ಟು ಕಳಿಸ್ತಾರಾ ಸಾರ್?"

ನಾನು ಅವನ ಅಂಗಡಿಯಲ್ಲಿ ಏನೇನು ಎತ್ತಿ ಎಸೆದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನವರು ಮಾಲೆ ಕಟ್ಟುವುದನ್ನು ನಿಲ್ಲಿಸಿ ಏನದು ಸದ್ದು ಅಂತ ಕೇಳಿದರಂತೆ.

ಆದರೆ ನಾನು ಸೋಲುವ ಆಸಾಮಿ ಅಲ್ಲ. ಎರಡೇ ವಾರಕ್ಕೆ ಬೋರ್ಡಿನ ಮೇಲೆ ನನ್ನ ಫೋಟೋ ಏರಿತು. ದೊಡ್ಡ ಸೂರ್ಯ, ಅದರ ಮೇಲೆ ಕರ್ರಗೆ ಶುಕ್ರ. "ಹೆಸರಿನ ಹಿಂದೆ ಏನು ಹಾಕೋಣ?" ಅಂತ ಕಾರ್ಯದರ್ಶಿಗಳು ಕೇಳಿದರು. "ಏನೂ ಬೇಡ, ಹೆಸರೇ ಸಾಕು" ಅಂದೆ. ಬಿ.ಇ., ಎಂ.ಎಸ್ಸಿ.ಗಳ ಫೋಟೋಗಳೆಲ್ಲ ಅದರ ಪಕ್ಕದಲ್ಲಿ ಪಾಸ್‌ಪೋರ್ಟ್ ಸೈಜಿನ ಹಾಗೆ ಕಾಣುತ್ತಿದ್ದವು.

ಅದರ ಕೆಳಗೇ ಕುರ್ಚಿ ಹಾಕಿಸಿಕೊಂಡು ಎಲ್ಲರಿಗೂ ಈ ಕತೆ ಹೇಳಿದೆ. "ಮೂವತ್ತಾರರ ರೋಲನ್ನ ಜಾಣತನದಿಂದ ಸುತ್ತಿದ್ರೆ ಕೊನೇಲಿ ಮೂವತ್ತೇಳನೇದು ಒಂದು ಸಿಗುತ್ತೆ, ನಿಮಗೆಲ್ಲ ಗೊತ್ತಲ್ಲ. ಅದೊಂದು ಆ ಪಾಪಿ ಕಣ್ಣಿಗೆ ಬಿದ್ದಿರಲಿಲ್ಲ. ಇದೇ ಅದು!" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳೂ ತಟ್ಟಿದರು, ನಾನು ನೋಡಿದೆ.

ಹೊಸದಾಗಿ ಸೇರಿದ್ದ ಒಬ್ಬ ಮೇಡಂ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು, ಬೋರ್ಡಿನ ಹತ್ತಿರ ಹೋಗಿ ನಿಂತರು. ಬಹಳ ಹೊತ್ತು ನಿಂತರು.

"ಯಜಮಾನ್ರೇ, ಅವತ್ತು ಶುಕ್ರ ಸೂರ್ಯನ ಒಂದು ಅಂಚಿನ ಕಡೆಯಿಂದ ಹೋಗಿದ್ದು. ನಿಮ್ಮ ಫೋಟೋದಲ್ಲಿ ನಟ್ಟನಡುವೆ ಇದೆಯಲ್ಲ?"

"ಚಾಮರಾಜಪೇಟೆಯಿಂದ ಹಾಗೇ ಕಾಣೋದಮ್ಮ" ಅಂದೆ.

ಮೇಡಂ ಬೋರ್ಡಿಗೆ ಇನ್ನೂ ಹತ್ತಿರ ಬಗ್ಗಿದರು. ತೋರುಬೆರಳಿನಿಂದ ಶುಕ್ರನನ್ನು ಮೆಲ್ಲಗೆ ಒಂದು ಸಲ ಸವರಿದರು. ಬೆರಳು ತಿರುಗಿಸಿ ನೋಡಿಕೊಂಡರು. ತುದಿ ಕಪ್ಪಾಗಿತ್ತು. ಮೂಸಿ ನೋಡಿದರು.

"ಇದು ಕಾಡಿಗೆ ಅಲ್ವಾ ಯಜಮಾನ್ರೇ?"

ಇಡೀ ಕೊಠಡಿ ನನ್ನ ಕಡೆ ತಿರುಗಿತು. ನಾನು ಭುಜ ಹಾರಿಸಿದೆ.

"ನೂರಿಪ್ಪತ್ತು ವರ್ಷಕ್ಕೆ ಒಂದು ಸಲ ಬರೋನು ಕಣಮ್ಮ. ಸ್ವಲ್ಪ ಅಲಂಕಾರ ಮಾಡ್ಕೊಂಡೇ ಬಂದಿದ್ದ ಅಂತ ಕಾಣುತ್ತೆ."